ಏನು, ಎಷ್ಟು, ಎಲ್ಲಿಗೆ: ಅಡ್ರಿನಲಿನ್ ನನಗೆ ಕಲಿಸಿದ್ದು

ಆಂಬ್ಯುಲೆನ್ಸ್ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಜೇನು ಕಚ್ಚಿದೆ ಅಂತ ಒಂದು ಕರೆ ಬಂತು. ಹೋಗಿ ನೋಡಿದರೆ ಮೈತುಂಬ ದದ್ದು, ತುಟಿ ಊದಿದೆ, ಉಸಿರು ಬಿಡುವಾಗ ಸುಯ್ ಅನ್ನುವ ಸದ್ದು. ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಅಡ್ರಿನಲಿನ್ ಬೇಕು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಔಷಧಿಯ ಪುಟ್ಟ ಗಾಜಿನ ಆಂಪ್ಯೂಲ್ ಒಡೆದೆ, ಅದರಲ್ಲಿದ್ದ 1 ಎಂಎಲ್, ಅಂದರೆ 1 ಎಂಜಿ, ಪೂರ್ತಿ ಸಿರಿಂಜಿಗೆ ಎಳೆದೆ, ಕೈ ತಾನಾಗಿ ರಕ್ತನಾಳಕ್ಕೆ ಹಾಕಿದ್ದ ಐವಿ ಲೈನ್ ಕಡೆ ಹೋಯಿತು.

ಜೊತೆಗಿದ್ದ ಹಿರಿಯರು ನನ್ನ ಮುಂಗೈ ಹಿಡಿದುಕೊಂಡರು. ಬೈಯಲಿಲ್ಲ. "ಏನು, ಎಷ್ಟು, ಎಲ್ಲಿಗೆ?" ಅಂತ ಮೆಲ್ಲಗೆ ಕೇಳಿದರು. ಉತ್ತರ ಹೇಳಲು ಬಾಯಿ ತೆರೆದಾಗಲೇ ನನಗೆ ತಪ್ಪು ಕಂಡದ್ದು.

ಹಿಂದಿನ ವಾರ ಹೃದಯ ನಿಂತುಹೋಗಿದ್ದ ಒಬ್ಬರಿಗೆ ಎದೆ ಒತ್ತುವ ಸಿಪಿಆರ್ ನಡುವೆ ಇದೇ ಔಷಧಿ ಕೊಟ್ಟಿದ್ದೆ. ಅಲ್ಲಿ 1 ಎಂಜಿ, ನೇರ ರಕ್ತನಾಳಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ಅನಾಫಿಲ್ಯಾಕ್ಸಿಸ್‌ನಲ್ಲಿ ದೊಡ್ಡವರಿಗೆ 0.5 ಎಂಜಿ, ಅಂದರೆ ಅದೇ ಆಂಪ್ಯೂಲಿನ ಅರ್ಧ, ತೊಡೆಯ ಹೊರಭಾಗದ ಸ್ನಾಯುವಿಗೆ. ಔಷಧಿ ಒಂದೇ, ಗಾಜು ಒಂದೇ, ಆದರೆ ಬಡಿಯುತ್ತಿರುವ ಹೃದಯಕ್ಕೆ ಪೂರ್ತಿ 1 ಎಂಜಿ ರಕ್ತನಾಳದ ಮೂಲಕ ಒಮ್ಮೆಲೇ ಹೋದರೆ ಬಿಪಿ ವಿಪರೀತ ಏರಿ, ಹೃದಯದ ಲಯವೇ ಕೆಟ್ಟುಹೋಗಬಹುದು. ನನ್ನ ಕೈ ಹಿಂದಿನ ವಾರದ ಕೆಲಸ ನೆನಪಿಟ್ಟುಕೊಂಡಿತ್ತು, ಅಷ್ಟೇ.

ಅರ್ಧ ಚೆಲ್ಲಿದೆ. ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದೆ. ಕೆಲವೇ ನಿಮಿಷದಲ್ಲಿ ಆ ಸುಯ್ ಸದ್ದು ಕಡಿಮೆಯಾಗತೊಡಗಿತು. ಆಗದಿದ್ದರೆ 5 ನಿಮಿಷ ಬಿಟ್ಟು ಇನ್ನೊಂದು ಡೋಸ್ ಕೊಡಬೇಕಿತ್ತು. ಹೊಸಬರು ಇನ್ನೊಂದು ತಪ್ಪು ಮಾಡುವುದನ್ನೂ ನೋಡಿದ್ದೇನೆ: ಅಲರ್ಜಿ ಅಲ್ವಾ ಅಂತ ಮೊದಲು ಆಂಟಿಹಿಸ್ಟಮಿನ್, ಸ್ಟೆರಾಯ್ಡ್ ಹುಡುಕುತ್ತಾರೆ. ಅವು ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ, ಕುಸಿದ ಬಿಪಿಯನ್ನು ಎತ್ತುವುದೂ ಇಲ್ಲ. ಅಡ್ರಿನಲಿನ್ ಮೊದಲು, ಉಳಿದದ್ದೆಲ್ಲ ಆಮೇಲೆ.

ಅಂದಿನಿಂದ ಯಾವ ಔಷಧಿಯೇ ಇರಲಿ, ಲೇಬಲ್ ಜೋರಾಗಿ ಓದುತ್ತೇನೆ. ಹೆಸರು, ಒಂದು ಎಂಎಲ್‌ನಲ್ಲಿ ಎಷ್ಟು ಎಂಜಿ, ಎಕ್ಸ್‌ಪೈರಿ, ಡೋಸ್, ಎಲ್ಲಿಗೆ. ಜೊತೆಗಿರುವವರು ಅದನ್ನೇ ತಿರುಗಿ ಹೇಳಬೇಕು. ಸುಮ್ನೆ "ಹೂಂ" ಅಂದರೆ ನಾನು ಒಪ್ಪುವುದಿಲ್ಲ, ಏಕೆಂದರೆ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳದೆಯೂ ಎಲ್ಲರೂ ಹೂಂ ಅನ್ನುತ್ತಾರೆ.

ಕೆಲವು ಔಷಧಿಗಳಲ್ಲಿ ಡೋಸ್‌ಗಿಂತ ಮೊದಲು ಕೇಳುವ ಪ್ರಶ್ನೆಯೇ ಮುಖ್ಯ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಹಾಗೆ. ಬಿಪಿ ನೋಡದೆ ಕೊಡುವಂತಿಲ್ಲ. ಜೊತೆಗೆ ಗಂಡಸರು ಲೈಂಗಿಕ ತೊಂದರೆಗೆ ತಗೊಳ್ಳುವ ಸಿಲ್ಡೆನಾಫಿಲ್ ಮಾತ್ರೆ ಕಳೆದ 24 ಗಂಟೆಯಲ್ಲಿ, ಅದೇ ಬಗೆಯ ಟಡಲಾಫಿಲ್ ಆದರೆ 48 ಗಂಟೆಯಲ್ಲಿ ತಗೊಂಡಿದ್ದಾರಾ ಅಂತ ತಿಳಿಯಬೇಕು, ಇವು ನೈಟ್ರೋಗ್ಲಿಸರಿನ್ ಜೊತೆ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ. ಮನೆಯವರೆಲ್ಲ ಸುತ್ತ ನಿಂತಿರುವಾಗ ಯಾರು ಇದಕ್ಕೆ ನಿಜ ಹೇಳುತ್ತಾರೆ? ನಾನು ಬಗ್ಗಿ ಕಿವಿಯ ಹತ್ತಿರ ಕೇಳುತ್ತೇನೆ, ಯಾಕೆ ಕೇಳುತ್ತಿದ್ದೇನೆ ಅಂತಲೂ ಹೇಳುತ್ತೇನೆ. ಆಗ ಹೇಳುತ್ತಾರೆ.

ನಲೋಕ್ಸೋನ್ ಬಗ್ಗೆಯೂ ಒಂದು ಮಾತು. ಇದು ಓಪಿಯಾಯ್ಡ್‌ಗಳ, ಅಂದರೆ ಮಾರ್ಫಿನ್, ಹೆರಾಯಿನ್‌ನಂಥವುಗಳ ಪರಿಣಾಮ ತಡೆಯುವ ಔಷಧಿ. ಓಪಿಯಾಯ್ಡ್ ಜಾಸ್ತಿಯಾಗಿ ಉಸಿರು ನಿಧಾನವಾದವರಿಗೆ ಮೊದಲು ಮಾಸ್ಕ್ ಮತ್ತು ಬ್ಯಾಗ್‌ನಿಂದ ಉಸಿರು ಕೊಡಿ, ಆಮೇಲೆ ಔಷಧಿ. ಅವರು ಎದ್ದು ಕೂರಬೇಕಿಲ್ಲ, ತಾವಾಗಿ ಉಸಿರಾಡಿದರೆ ಸಾಕು. ನಲೋಕ್ಸೋನ್ ಪರಿಣಾಮ ಎಷ್ಟೋ ಓಪಿಯಾಯ್ಡ್‌ಗಳ ಪರಿಣಾಮಕ್ಕಿಂತ ಬೇಗ ಇಳಿಯುತ್ತದೆ, ಉಸಿರು ಮತ್ತೆ ನಿಧಾನವಾಗಬಹುದು, ಹಾಗಾಗಿ "ನಾನೀಗ ಸರಿ ಇದ್ದೇನೆ, ಬರಲ್ಲ" ಅಂದವರನ್ನು ಬಿಟ್ಟುಬರಲು ನನಗೆ ಇವತ್ತಿಗೂ ಭಯ.

ಈಗ ಶಿಫ್ಟ್ ಶುರುವಾಗುವ ಮೊದಲು ನಾನೇ ಬ್ಯಾಗ್ ಜೋಡಿಸುತ್ತೇನೆ. ಅನಾಫಿಲ್ಯಾಕ್ಸಿಸ್‌ಗೆ ಬೇರೆಯೇ ಪೌಚ್. ಅದರೊಳಗೆ ಅಡ್ರಿನಲಿನ್ ಆಂಪ್ಯೂಲ್, ಸ್ನಾಯುವಿಗೆ ಚುಚ್ಚುವ ಸೂಜಿ, 1 ಎಂಎಲ್ ಸಿರಿಂಜ್. ಪೌಚ್ ಮೇಲೆ ದಪ್ಪ ಅಕ್ಷರದಲ್ಲಿ "ತೊಡೆಗೆ, 0.5" ಅಂತ ಬರೆದು ಅಂಟಿಸಿದ್ದೇನೆ.