ಮೋಡದ ಕೆಳಗಿನ ಪುಣೆ

2024ರ ಜುಲೈ 25ರಂದು ಪುಣೆಯ ಏಕತಾ ನಗರಿಗೆ ಮುಠಾ ನದಿ ನುಗ್ಗಿತು. ಧಾರವಾಡದಿಂದ ಅತ್ತೆ ಫೋನ್ ಮಾಡಿದರು: "ಉಪಗ್ರಹದ ಕೆಲಸ ಮಾಡ್ತಿಯಲ್ಲ, ನೀರು ಎಲ್ಲಿತನಕ ಬಂದದ ಅಂತ ಕಾಣಂಗಿಲ್ಲೇನು?"

ಅಡ್ಡಿ ಮೋಡದ್ದು. ಯುರೋಪಿನ ಉಪಗ್ರಹ ಸೆಂಟಿನೆಲ್-2 ಬಿಸಿಲಿನ ಬೆಳಕಲ್ಲಿ ಫೋಟೊ ತೆಗೆಯುತ್ತದೆ, ಮಳೆಗಾಲದಲ್ಲಿ ಬಹಳ ಸಲ ಮೋಡವೇ ಕಾಣುತ್ತದೆ. ಅದರ ಜೊತೆಯ ಸೆಂಟಿನೆಲ್-1ರ ರೇಡಾರ್ ಮೋಡ ದಾಟಿ, ರಾತ್ರಿಯೂ ನೋಡುತ್ತದೆ. ಹಾಗಾದರೆ ನೀರು ಎಲ್ಲಿ ಬಂತು ಅಂತ ತಿಳಿಯಲು ಬೇಸಿಗೆಯ ಫೋಟೊ, ಮಳೆಗಾಲದ ರೇಡಾರ್ ಚಿತ್ರ, ಒಂದರಿಂದ ಇನ್ನೊಂದನ್ನ ಸುಮ್ನೆ ಕಳೆದರೆ ಸಾಕಲ್ವಾ? ಸಾಲದು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ರೇಡಾರ್ ಕಳಿಸಿದ ಅಲೆಯ ಪ್ರತಿಧ್ವನಿ. ಊರೆಲ್ಲ ಬದಲಾದಂತೆ ಕಾಣುತ್ತದೆ.

ಅದಕ್ಕೇ ಫೋಟೊ ನೋಡಿ ರೇಡಾರ್ ಚಿತ್ರ ಊಹಿಸಲು ನ್ಯೂರಲ್ ನೆಟ್‌ವರ್ಕ್‌ಗೆ, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂಗೆ, ಕಲಿಸುತ್ತೇವೆ. ಊಹೆಗೂ ನಿಜಕ್ಕೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಬದಲಾವಣೆ. ಆದರೆ ಬದಲಾಗದ ಜಾಗಗಳಿಂದಲೇ ಕಲಿಸಬೇಕು, ಇಲ್ಲದಿದ್ದರೆ ಅದು ನೆರೆಯನ್ನೂ ಮಾಮೂಲು ಅಂದುಕೊಳ್ಳುತ್ತದೆ. ಆ ಜಾಗ ಹುಡುಕುವ ಉಪಾಯ ನನಗೆ ತುಂಬಾ ಇಷ್ಟ: ಒಂದು ಚಿತ್ರದಲ್ಲಿ ಒಂದೇ ತರಹ ಇದ್ದ ಪಿಕ್ಸೆಲ್‌ಗಳು (ಚಿತ್ರದ ಚುಕ್ಕೆಗಳು) ಇನ್ನೊಂದರಲ್ಲೂ ಒಂದೇ ತರಹ ಇವೆಯೇ ಅಂತ ನೋಡುವುದು.

ಬಯಲಿನ ನೀರು ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಕಟ್ಟಡಗಳ ನಡುವೆ ಮಾತ್ರ ರೇಡಾರ್ ಅಲೆ ನೀರಿಗೂ ಗೋಡೆಗೂ ಬಡಿದು ವಾಪಸ್ ಬರುತ್ತದೆ, ಹಾಗಾಗಿ ನೆರೆ ಬಂದ ಬೀದಿ ಇನ್ನೂ ಬೆಳ್ಳಗಾಗಬಹುದು. ಏಕತಾ ನಗರಿಯಂಥ ಕಡೆ ಜಾಸ್ತಿ ಗಮನ ಬೇಕಾಗಿರುವುದು ಇದಕ್ಕೇ.