ತಟ್ಟೆಯಲ್ಲಿ ಉಳಿದ ಬುಷ್

ಮೊನ್ನೆ ಮಂಗಳವಾರ ನಮ್ಮ ಬೀದಿ ಕೊನೆಯ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಬಾಡಿಯ ಸ್ಕೂಟರೊಂದು ಹಿಂದಿನ ಕ್ಯಾರಿಯರ್ ಹಾಕಿಸಿಕೊಂಡು ಹೊರಟು ನಿಂತಿತ್ತು. ತಟ್ಟೆಯಲ್ಲಿ ಎರಡು ಸ್ಕ್ರೂ, ಒಂದು ಕಬ್ಬಿಣದ ಬುಷ್ (ಬೋಲ್ಟು ತೂರುವ ಪುಟ್ಟ ಕೊಳವೆ) ಉಳಿದಿದ್ದವು. "ಇದು ಎಲ್ಲಿಯದಪ್ಪಾ?" ಎಂದು ಗಾಡಿಯವರು ಕೇಳಿದರು. "ಎಕ್ಸ್‌ಟ್ರಾ ಸಾರ್, ಏನೂ ಆಗಲ್ಲ, ಓಡುತ್ತೆ" ಅಂದ ಹುಡುಗ. ಅವರು ದುಡ್ಡು ಕೊಟ್ಟು ಹೊರಟೇಬಿಟ್ಟರು. ಆ "ಏನೂ ಆಗಲ್ಲ" ಇವತ್ತಿಗೂ ಕಿವಿಯಲ್ಲಿದೆ.

ಆಗುತ್ತೆ. ಕ್ಯಾರಿಯರ್ ಹಿಡಿಯುವ ಹಿಂದಿನ ಹ್ಯಾಂಡಲ್ಲಿನ ಬೋಲ್ಟು ಪ್ಲಾಸ್ಟಿಕ್ಕನ್ನು ದಾಟಿ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಹೋಗುವ ಕಡೆ, ಬಿಗಿಯ ಭಾರವೆಲ್ಲ ಬುಷ್ಷಿನ ಮೇಲೆ ಕೂರಬೇಕು. ಪ್ಯಾನಲ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಬುಷ್ಷಿನ ಸುತ್ತ ಸಡಿಲವಾಗಿ ನಿಂತಿರುತ್ತದೆ ಅಷ್ಟೆ. ಬುಷ್ ಇಲ್ಲದೆ ಬಿಗಿದರೆ ಪ್ಲಾಸ್ಟಿಕ್ ನಜ್ಜುತ್ತದೆ, ತೂತಿನಿಂದ ಸೀಳು ಹೊರಡುತ್ತದೆ. ನಜ್ಜಿದ ಪ್ಲಾಸ್ಟಿಕ್ ತೆಳುವಾದಂತೆ ಬೋಲ್ಟೂ ಸಡಿಲ, ಕ್ಯಾರಿಯರ್ ಅಲುಗಾಟ, ಅಲುಗಿದಷ್ಟೂ ಸೀಳು ಉದ್ದ.

ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು: ಹಳೆಯ ಬೋಲ್ಟುಗಳನ್ನೇ ಹಾಕಿದ್ದ. ಕ್ಯಾರಿಯರಿನ ಪಟ್ಟಿ 4 ಮಿ.ಮೀ. ದಪ್ಪವಿದ್ದರೆ ಬೋಲ್ಟು ಚಾಸಿಯ ನಟ್ಟಿನೊಳಗೆ ಅಷ್ಟೇ ಕಡಿಮೆ ಇಳಿಯುತ್ತದೆ. 12 ನಂಬರ್ ಸ್ಪ್ಯಾನರಿನ 8 ಮಿ.ಮೀ. ಬೋಲ್ಟು ಕನಿಷ್ಠ 8 ಮಿ.ಮೀ. ಥ್ರೆಡ್ ಹಿಡಿಯಬೇಕು, ಅಂದರೆ ಕೈಯಲ್ಲೇ ಆರು ಸುತ್ತಾದರೂ ಹೋಗಬೇಕು. ಎರಡೇ ಸುತ್ತಿಗೆ ಗಟ್ಟಿಯಾದರೆ ಹಳೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ್ದು ತನ್ನಿ. ತೀರಾ ಉದ್ದದ್ದೂ ಬೇಡ, ತುದಿ ಒಳಗಿನ ವೈರನ್ನೋ ಟ್ಯಾಂಕನ್ನೋ ಮುಟ್ಟೀತು.

ಹುಡುಗನನ್ನು ಬೈಯಲು ಮನಸ್ಸಿಲ್ಲ. ಅವನ ಕೈ ಒಳ್ಳೆಯದು. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿದ, ಟೈಲ್ ಲೈಟಿನ ವೈರು ಕೂಡುವ ಕಪ್ಲರ್ ಬಿಡಿಸಿದ ಮೇಲೆಯೇ ಪ್ಯಾನಲ್ ಎಳೆದ. ಹತ್ತು ಸಲ "ಆಯ್ತಾ, ಆಯ್ತಾ" ಅಂದವರು ಗಾಡಿಯವರು. ಅವಸರಕ್ಕೆ ಬಾಡಿ ಬಿಚ್ಚುವ ಕೆಲಸ ಒಗ್ಗುವುದಿಲ್ಲ.

ಬಿಚ್ಚುವಾಗಲೇ ಒಂದು ರಟ್ಟಿನ ಮೇಲೆ ಗಾಡಿಯ ಆಕಾರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಡಬೇಕು. ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಪ್ಯಾನಲ್ಲಿನ ಮುಖ ಒಡೆಯುತ್ತದೆ. ಸ್ಕ್ರೂ ಎಲ್ಲ ತೆಗೆದ ಮೇಲೂ ಪ್ಯಾನಲ್ ಬಾರದಿದ್ದರೆ ಎಳೆಯಬೇಡಿ. ಒಳಗೆ ಕೊಕ್ಕೆ ಇರುತ್ತದೆ, ಇಲ್ಲವೇ ಗೂಟ ರಬ್ಬರಿನಲ್ಲಿ ಕೂತಿರುತ್ತದೆ. ಕೊಕ್ಕೆಯಿದ್ದರೆ ಮೊದಲು ಹಿಂದಕ್ಕೋ ಮುಂದಕ್ಕೋ ಜಾರಿಸಿ ನೋಡಬೇಕು. ಗೂಟವಿದ್ದರೆ ಅದರ ಪಕ್ಕದಲ್ಲೇ ಬೆರಳಿಟ್ಟು ನೇರ ಹೊರಗೆ. ರಬ್ಬರಿಗೆ ಸೋಪಿನ ನೀರು ಸಾಕು, ಗ್ರೀಸು, ಪೆಟ್ರೋಲು ತಾಗಿದರೆ ಉಬ್ಬುತ್ತದೆ. ನಡುವೆ ಗುಂಡಿಯಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಗುಂಡಿ ಒಳಗೆ ಒತ್ತಿದರೆ ಕ್ಲಿಪ್ ಸಡಿಲ. ಹಾಕುವಾಗ ಗುಂಡಿಯನ್ನು ಮೊದಲು ಹೊರಗೆ ತಳ್ಳಿ, ಕೂರಿಸಿ, ಆಮೇಲೆ ಸಮಕ್ಕೆ ಒತ್ತುವುದು. ಚಳಿಗಾಲದ ಬೆಳಿಗ್ಗೆ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಪ್ಯಾನಲ್ಲಿನ ಅಂಚಿನ ಎಷ್ಟೋ ಕಿವಿಗಳು (ಸ್ಕ್ರೂ, ಕೊಕ್ಕೆ ಹಿಡಿಯುವ ಚಾಚುಗಳು) ಮುರಿಯದೆ ಉಳಿಯುತ್ತವೆ.

ಮುರಿದರೆ ಪ್ಯಾನಲ್ಲಿನ ಹಿಂಬದಿ ಅಚ್ಚಾದ ಅಕ್ಷರ ನೋಡಿ, ಪ್ಲಾಸ್ಟಿಕ್ ಯಾವ ಜಾತಿಯದೆಂದು ಅದು ಹೇಳುತ್ತದೆ. ಎಬಿಎಸ್ ಇದ್ದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚಿದರೆ ಬೆಸೆಯುತ್ತದೆ. ಪಿಪಿ ಇದ್ದರೆ ಮಾಮೂಲಿ ಅಂಟು ಯಾವುದೂ ಹಿಡಿಯದು.

ಜೋಡಿಸುವಾಗ ನಾನು ಬಿಟ್ಟುಕೊಡದ ವಿಷಯ ಒಂದಿದೆ: ಒಂದನ್ನೂ ಪೂರ್ತಿ ಬಿಗಿಯಬಾರದು. ಎಲ್ಲ ಬೋಲ್ಟೂ ಬೆರಳಲ್ಲೇ ನಾಲ್ಕು ಸುತ್ತು ಹಾಕಿ, ಸಂದು ಸರಿಸಮ ಬಂದ ಮೇಲೆ ಸ್ಪ್ಯಾನರ್. ಪ್ಲಾಸ್ಟಿಕ್ಕಿಗೆ ನೇರ ಹೋಗುವ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. 'ಟಕ್' ಎಂದು ಹಳೆಯ ಥ್ರೆಡ್ಡಿಗೆ ಇಳಿದಾಗ ಮುಂದಕ್ಕೆ ತಿರುಗಿಸಿ. ಪ್ಯಾನಲ್ ಮುಚ್ಚುವ ಮುನ್ನ ವೈರ್ ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ಕೈಯಾಡಿಸಿ ನೋಡಬೇಕು. ಅಂಚಿನಡಿ ಸಿಕ್ಕ ವೈರ್ ಅಲುಗಾಟಕ್ಕೆ ಸವೆದು ಒಂದು ಮಳೆಗಾಲದ ರಾತ್ರಿ ಫ್ಯೂಸ್ ಹಾರಿಸುತ್ತದೆ.

ಆ ಬುಷ್ ಇವತ್ತು ಬೆಳಿಗ್ಗೆಯೂ ಅದೇ ತಟ್ಟೆಯಲ್ಲಿತ್ತು. ಗಾಡಿಯವರು ವಾಪಸ್ ಬಂದರೆ ಹ್ಯಾಂಡಲ್ ಬೋಲ್ಟು ಬಿಚ್ಚಿ ಅದನ್ನು ಕೂರಿಸಲು ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ಕ್ಯಾರಿಯರಿನ ಮೇಲೆ ಭಾರ ಹೇರದಿರಲಿ.