ಭೂಮಿ ಬಯಕೆಗೆ ಬಂದ ಮಂಗಳೂರಿನವರು

ಭೂಮಿ ಹುಣ್ಣಿಮೆಗೆ ನಮ್ಮ ಮನೆಗೆ ನೆಂಟರು ಬರುವುದು ಕಮ್ಮಿ. ಅವತ್ತು ಎಲ್ಲರ ಮನೆಯಲ್ಲೂ ಹಬ್ಬ, ಎಲ್ಲರಿಗೂ ಅವರವರ ಗದ್ದೆ. ಹೊಸನಗರ, ಸಾಗರ, ಸೊರಬದ ಕಡೆಯ ನಮ್ಮ ದೀವರ ಮನೆಗಳಲ್ಲಿ ಹಬ್ಬದ ಹಿಂದಿನ ರಾತ್ರಿ ಹೆಂಗಸರು ಮಲಗುವುದೇ ಇಲ್ಲ. ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮೊದಲು ಗದ್ದೆ ಸುತ್ತುವುದು, ಆಮೇಲೆ ಪೂಜೆ, ಊಟ. ಇದರ ನಡುವೆ ನೆಂಟರನ್ನು ವಿಚಾರಿಸಿಕೊಳ್ಳಲು ಯಾರಿಗೆ ಪುರುಸೊತ್ತು ಇರುತ್ತೆ? ಆದರೆ ಈ ಸಲ ಮಂಗಳೂರಿನಿಂದ ಒಂದು ಟೆಂಪೋ ತುಂಬ ಜನ ಬಂದರು. ಅದರಲ್ಲಿ ನಮ್ಮ ಸಂಬಂಧದವರು ಅಂದರೆ ಅಕ್ಕ, ಭಾವ, ಅಕ್ಕನ ಮಗಳು ಮಾತ್ರ. ಉಳಿದವರೆಲ್ಲ ಅಕ್ಕನ ಕಾಂಪೌಂಡಿನವರು.

ಅವರನ್ನು ಕರೆದದ್ದು ಅಮ್ಮ. ಕರೆದು ಎಷ್ಟೋ ವರ್ಷ ಆಗಿತ್ತು.

ಭಾವನಿಗೆ ಪಣಂಬೂರಿನ ಬಂದರಿನಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಅವರು ಜೆಪ್ಪಿನಲ್ಲಿ ಬಾಡಿಗೆ ಮನೆ ಹಿಡಿದರು. ಅಲ್ಲಿಂದ ಕೆಲಸಕ್ಕೆ ಹೋಗಲು ಸ್ಟೇಟ್ ಬ್ಯಾಂಕ್ ಬಸ್ ಸ್ಟಾಂಡಿಗೆ ಒಂದು ಸಿಟಿ ಬಸ್, ಅಲ್ಲಿ ಇಳಿದು ಸುರತ್ಕಲ್ ಕಡೆಗೆ ಇನ್ನೊಂದು ಬಸ್. ಆದರೂ ಮನೆ ಬದಲಾಯಿಸುವ ಮಾತನ್ನು ಅಕ್ಕ ಇವತ್ತಿನವರೆಗೂ ಎತ್ತಿಲ್ಲ. ಒಂದೇ ಕಾಂಪೌಂಡಿನಲ್ಲಿ ನಾಲ್ಕು ಹೆಂಚಿನ ಮನೆ, ನಾಲ್ಕಕ್ಕೂ ಸೇರಿ ಒಂದು ಬಾವಿ. ಮನೆಗಳ ಯಜಮಾನಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹಿರಿಯರು, ಎಲ್ಲರಿಗೂ ಬಾಯಮ್ಮ. ಪಕ್ಕದ ಮನೆಯವರು ತುಳುವರು. ಆ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಇನ್ನೊಂದು ಬ್ಯಾರಿಗಳ ಮನೆ. ಆ ಮನೆಯ ಹಿರಿಯ ಹೆಂಗಸನ್ನು ಅವರ ಮಕ್ಕಳು ಕರೆದ ಹಾಗೆ ನಮ್ಮ ಹುಡುಗಿಯೂ ಉಮ್ಮ ಅಂತಲೇ ಕರೆಯುತ್ತಾಳೆ.

ಬೆಳಿಗ್ಗೆ ಮೀನಿನ ಹೆಂಗಸು ಬಂದು ಬುಟ್ಟಿ ಇಳಿಸಿದರೆ ಆ ಕಾಂಪೌಂಡು ಪೂರ್ತಿ ಹೊರಗೆ ಬರುತ್ತದೆ. ಬೂತಾಯಿ ಅಗ್ಗ ಇದ್ದ ದಿನ ಯಾರೋ ಒಬ್ಬರು ಎಲ್ಲರಿಗೂ ಸೇರಿಸಿ ತಗೊಳ್ಳುತ್ತಾರೆ, ದುಡ್ಡಿನ ಲೆಕ್ಕ ಸಂಜೆಗೆ. ಬೀಡಿ ಅಕ್ಕ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋದರೆ ಅವರ ಒಲೆಯ ಮೇಲಿನ ಕುಚ್ಚಲಕ್ಕಿ ಗಂಜಿಯನ್ನು ನೋಡಿಕೊಳ್ಳುವುದು ನಮ್ಮ ಅಕ್ಕ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಉಮ್ಮನ ಮನೆಯಿಂದ ಒಣಮೀನು ನಾಲ್ಕೂ ಅಡುಗೆಮನೆಗೆ ಹೋಗುತ್ತದೆ. ನಾನು ಹೋದಾಗಲೆಲ್ಲ ಇದನ್ನೆಲ್ಲ ನೋಡುತ್ತಾ ಕೂತಿರುತ್ತೇನೆ. ಹಳ್ಳಿಯಲ್ಲಿ ಮಾತ್ರ ಜನ ಹೀಗೆ ಬದುಕುತ್ತಾರೆ, ಪೇಟೆಯಲ್ಲಿ ಯಾರಿಗೆ ಯಾರೂ ಇಲ್ಲ ಅನ್ನುವ ಮಾತು ನಮ್ಮೂರಲ್ಲಿ ಜಾಸ್ತಿ. ಆ ಕಾಂಪೌಂಡು ನೋಡಿದವರು ಆ ಮಾತು ಆಡಲಾರರು.

ಅಕ್ಕ ಬಸುರಿಯಾದ ವರ್ಷ ಮಳೆ ಬೇಗ ಹಿಡಿಯಿತು. ಏಳನೇ ತಿಂಗಳ ಬಯಕೆಗೆ ಅಮ್ಮ ಹಸಿರು ಸೀರೆ, ಬಳೆ ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ಜೂನ್ ಕೊನೆಯಲ್ಲಿ ಹುಲಿಕಲ್ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಯಿತು. ಆಗುಂಬೆ ಮೇಲೆ ಸುತ್ತಿ ಹೋಗೋಣ ಅಂದರೆ ಅಪ್ಪನಿಗೆ ಜ್ವರ. ದಿನ ಮುಂದೆ ಹಾಕುವ ಹಾಗೂ ಇರಲಿಲ್ಲ. ಜುಲೈ ಮಧ್ಯದಲ್ಲಿ ಆಟಿ ತಿಂಗಳು ಶುರುವಾಗುತ್ತದೆ, ಆಟಿಯಲ್ಲಿ ಕರಾವಳಿಯವರು ಶುಭಕಾರ್ಯ ಮಾಡುವುದಿಲ್ಲ. ಅಮ್ಮ ಫೋನಿನ ಸಿಗ್ನಲ್ ಹುಡುಕಿಕೊಂಡು ಮಳೆಯಲ್ಲೇ ಗುಡ್ಡ ಹತ್ತಿ ಅಕ್ಕನ ಹತ್ತಿರ ಮಾತಾಡಿದಳು. ಮಾತಾಡಿದ್ದು ಕಮ್ಮಿ, ಅತ್ತಿದ್ದೇ ಜಾಸ್ತಿ.

ಆಗ ಫೋನು ತೆಗೆದುಕೊಂಡವರು ಬಾಯಮ್ಮ. "ನೀವು ಅಳಬೇಡಿ. ನಾವು ನಾಲ್ಕು ಮನೆ ಉಂಟಲ್ಲ, ಮಾಡ್ತೇವೆ" ಅಂದರು. ಮಾಡಿದರು ಕೂಡ. ಅವರ ಮನೆಯ ಚಾವಡಿಯಲ್ಲೇ ಅಕ್ಕನನ್ನು ಕೂರಿಸಿದರು. ಬೀಡಿ ಅಕ್ಕ ಸಿಂಗಾರ, ಅಂದರೆ ಅಡಿಕೆಯ ಹೂವು, ತಂದು ಇಟ್ಟು, ಶಾಸ್ತ್ರವೆಲ್ಲ ತಾವೇ ಮುಂದೆ ನಿಂತು ಮಾಡಿಸಿದರು. ಶಂಕರಪುರ ಮಲ್ಲಿಗೆ ಒಂದು ಅಟ್ಟೆ ಪೂರ್ತಿ ಅಕ್ಕನ ತಲೆಗೆ. ಒಂದು ಅಟ್ಟೆ ಅಂದರೆ ನಾಲ್ಕು ಚೆಂಡು, ಒಂದು ಚೆಂಡಿಗೆ ಸುಮಾರು 800 ಹೂವು. ಮಳೆಗಾಲದಲ್ಲಿ ಅಷ್ಟು ಹೂವು ಸಿಗುವುದೇ ಕಷ್ಟ. ಹಸಿರು ಬಳೆ ತೊಡಿಸಿದ್ದು ಉಮ್ಮ. ಆಮೇಲೆ ಹೆರಿಗೆಗೆ ಅಮ್ಮನೇ ಮಂಗಳೂರಿಗೆ ಹೋಗಿ ಬಾಣಂತನ ಮಾಡಿದಳು. ಬಾಣಂತಿ ನೀರು ಕಾಯಿಸಲು ಬಾಯಮ್ಮನ ಮನೆಯ ಹಂಡೆ, ತಿನ್ನಲು ಉಮ್ಮ ಕಾಸಿದ ಲೇಹ್ಯ. ಹೊರಡುವ ದಿನ ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಮೂರೂ ಮನೆಯವರಿಗೆ ಹೇಳಿದಳು: "ನನ್ನ ಮಗಳ ಬಯಕೆ ನೀವು ಮಾಡಿದ್ರಿ. ನಮ್ಮ ಭೂಮಿ ಬಯಕೆಗೆ ನೀವು ಬರ್ಲೇಬೇಕು."

ಭೂಮಿ ಹುಣ್ಣಿಮೆ ಅಂದರೆ ಅದೇ ತಾನೆ. ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆಗೆ ಬಂದಿರುತ್ತದೆ, ಅಂದರೆ ತೆನೆ ಇನ್ನೂ ಗಿಡದ ಒಳಗೇ ಇರುತ್ತದೆ. ಭೂಮಿತಾಯಿ ತುಂಬಿದ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಅಮ್ಮ ಆ ದಿನವನ್ನೇ ಆರಿಸಿ ಕರೆದಳು. ಆದರೆ ಒಂದು ವರ್ಷ ಬಾಯಮ್ಮನಿಗೆ ಮಂಡಿನೋವು, ಒಂದು ವರ್ಷ ಕೊರೊನಾ, ಇನ್ನೊಂದು ವರ್ಷ ಯಾರದೋ ಮದುವೆ. ಈ ಸಲ ದಸರಾ ರಜೆ ಇತ್ತು. ಕುದ್ರೋಳಿಯ ದಸರಾ ಮೆರವಣಿಗೆ, ಹುಲಿವೇಷ ಎಲ್ಲ ನೋಡಿ ಮುಗಿಸಿಕೊಂಡು ಹೊರಟರು. ಉಮ್ಮನ ತಮ್ಮನ ಮನೆಯಲ್ಲಿ ಮದುವೆ ಮಾತುಕತೆ ಇದ್ದದ್ದರಿಂದ ಅವರು ಬರಲು ಆಗಲಿಲ್ಲ. ಒಂದು ಡಬ್ಬಿ ಕಲ್ತಪ್ಪ ಕಳಿಸಿದ್ದರು. ಅಮ್ಮನಿಗೆ ಅದು ಸ್ವಲ್ಪ ಬೇಜಾರೇ ಆಯಿತು. ಡಬ್ಬಿಯನ್ನು ಎರಡು ಸಲ ತೆರೆದು ನೋಡಿದಳು.

ಕುಂದಾಪುರ, ಸಿದ್ದಾಪುರ, ಹೊಸಂಗಡಿ ದಾಟಿ, ಘಾಟಿ ಹತ್ತಿ, ಚಂಡಿಕಾಂಬಾ ಗುಡಿಯಲ್ಲಿ ಕೈ ಮುಗಿದು, ಮಾಸ್ತಿಕಟ್ಟೆ, ನಗರದ ಮೇಲೆ ಅವರು ಬಂದು ಮುಟ್ಟಿದಾಗ ಸಂಜೆಯಾಗಿತ್ತು. ನಗರದ ಕೋಟೆ ನೋಡಿ ಬೀಡಿ ಅಕ್ಕ ಇದು ಯಾರದ್ದು ಅಂತ ಕೇಳಿದರಂತೆ. ನಾನು ಆಮೇಲೆ ಹೇಳಿದೆ. ಆ ಊರು ಹಿಂದೆ ಬಿದನೂರು, ಕೆಳದಿ ನಾಯಕರ ರಾಜಧಾನಿ. ಶಿವಪ್ಪನಾಯಕನ ಕಾಲದಲ್ಲಿ ನಿಮ್ಮ ಮಂಗಳೂರೂ ಇಲ್ಲಿಂದಲೇ ಆಳಿಸಿಕೊಳ್ಳುತ್ತಿತ್ತು ಅಂದೆ. "ಹಾಗಾದ್ರೆ ನಾವು ಹೊರಗಿನವರಲ್ಲ ಬಿಡಿ" ಅಂದರು.

ಬಾಯಮ್ಮ ಒಳಗೆ ಬಂದವರೇ ಜಗುಲಿಯಲ್ಲಿ ನಿಂತು ಮೇಲೆ ನೋಡಿದರು. ನಮ್ಮದು ಹೆಂಚಿನ ಮಾಡು. ಅಜ್ಜನ ಕಾಲದಲ್ಲಿ ಹುಲ್ಲು ತೆಗೆದು ಹೊದೆಸಿದ್ದು. ಒಡೆದರೆ ಬದಲಾಯಿಸಲು ಅಂತ ಒಂದಷ್ಟು ಹೆಂಚನ್ನು ಅಟ್ಟದ ಕೆಳಗೆ ಪೇರಿಸಿ ಇಟ್ಟಿದ್ದೇವೆ. ಅವರು ಅದರಲ್ಲಿ ಒಂದನ್ನು ಎತ್ತಿ, ಬೆನ್ನು ತಿರುಗಿಸಿ, ಸೆರಗಿನಲ್ಲಿ ಧೂಳು ಒರೆಸಿದರು. ಮಂಗಳೂರಿನ ಕಾರ್ಖಾನೆಯ ಹೆಸರು ಒತ್ತಿದ್ದು ಕಾಣಿಸಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಜೆಪ್ಪಿನಲ್ಲೇ, ನೇತ್ರಾವತಿಯ ದಡದಲ್ಲಿ. ಅದರ ಹಿಂದೆ ಎಷ್ಟೋ ಕಾರ್ಖಾನೆ ಬಂದವು. ಈಗ ಹೆಚ್ಚಿನವು ಮುಚ್ಚಿವೆ. ಬಾಯಮ್ಮನ ಅಪ್ಪ ಅಂಥ ಒಂದು ಕಾರ್ಖಾನೆಯ ಭಟ್ಟಿಯಲ್ಲಿ ಕೆಲಸ ಮಾಡಿದವರು. "ಅಪ್ಪ ಸುಟ್ಟದ್ದೇ ಇರಬಹುದು ಇದು" ಅಂದರು. ಹೆಂಚನ್ನು ಬೇಗ ಕೆಳಗೆ ಇಡಲಿಲ್ಲ. ನಮ್ಮ ಅಪ್ಪ ಹೋಗಿ ಅವರಿಗೆ ಕುರ್ಚಿ ತಂದು ಹಾಕಿದರು.

ರಾತ್ರಿ ಊಟ ಬೇಗ ಮುಗಿಯಿತು. ಅಮ್ಮ ಮಂಗಳೂರಿನವರಿಗೆ ಚಾಪೆ ಹಾಸಿಟ್ಟಿದ್ದಳು. ಯಾರೂ ಮಲಗಲಿಲ್ಲ. ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುವ ಕೆಲಸ ರಾಶಿ ಬಿದ್ದಿತ್ತು. ಬಾಯಮ್ಮ ಕಾಲು ಚಾಚಿ ಕೂತು ನಾಲ್ಕು ಎಲೆ ಜೋಡಿಸಿ, ಕಡ್ಡಿ ಚುಚ್ಚಿ, ಪಕ್ಕಕ್ಕೆ ಇಡತೊಡಗಿದರು. ನಮ್ಮ ಅತ್ತೆ ಎರಡು ಮುಗಿಸುವಷ್ಟರಲ್ಲಿ ಅವರದು ಮೂರು. ಕರಾವಳಿಯಲ್ಲೂ ಕೊಟ್ಟೆ ಕಟ್ಟುತ್ತಾರಲ್ಲ, ಕೈಗೆ ಅಭ್ಯಾಸ ಇತ್ತು. ನಾನು ಕಾಯಿ ತುರಿಯುತ್ತಾ ಕೂತಿದ್ದೆ. ಅಕ್ಕ ಸೌತೆಕಾಯಿ ತುರಿದು ಬೆಲ್ಲ, ಅಕ್ಕಿತರಿ ಸೇರಿಸಿ ಕಡುಬಿನ ಹಿಟ್ಟು ಕಲಸಿದಳು. ಬೆಳಗಿನ ಜಾವ ಗದ್ದೆಗೆ ಬೀರುವ ಹಚ್ಚಂಬಲಿಗೆ ಗುಡ್ಡದಿಂದ, ಹಿತ್ತಿಲಿನಿಂದ ತಂದ ಸೊಪ್ಪು, ಹಾಗಲಕಾಯಿ, ಅಮಟೆಕಾಯಿ, ಕೆಸುವಿನ ಎಲೆ ಎಲ್ಲ ಸೋಸಬೇಕಿತ್ತು. ಬೀಡಿ ಅಕ್ಕ ಒಂದೊಂದು ಎಲೆಯನ್ನೂ ಗುರುತು ಹಿಡಿದು, ಇದಕ್ಕೆ ನಾವು ಚಟ್ನಿ ಮಾಡ್ತೇವೆ, ಇದನ್ನು ಆಟಿಯಲ್ಲಿ ತಿಂತೇವೆ ಅಂತ ಹೇಳುತ್ತಾ ಹೋದರು.

ಹಬ್ಬಕ್ಕೆ ಗದ್ದೆಗೆ ಹೊತ್ತುಕೊಂಡು ಹೋಗುವ ಭೂಮಣ್ಣಿ ಬುಟ್ಟಿಯ ಚಿತ್ತಾರ ಒಂದು ಬದಿ ಇನ್ನೂ ಬಾಕಿ ಇತ್ತು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಗೆರೆ ಎಳೆಯುವುದು ನಮ್ಮ ಹೆಂಗಸರ ಕೆಲಸ. ಕುಂಚ ಅಂದರೆ ಪುಂಡಿ ನಾರು. ಅಮ್ಮನಿಗೆ ಈಗ ಕಣ್ಣು ಮಂಜು, ಚಿಮಣಿ ಬೆಳಕಿನಲ್ಲಿ ಎಳೆದು ಬೆಳೆದ ಕೈ ಬಲ್ಬಿನ ಬೆಳಕಿನಲ್ಲಿ ನಡುಗುತ್ತದೆ. ನೋಡುತ್ತಾ ಕೂತಿದ್ದ ಬೀಡಿ ಅಕ್ಕ, "ನಾನು ಒಂದು ಗೆರೆ ಎಳೆಯಬಹುದಾ?" ಅಂತ ಕೇಳಿದರು. ಅಮ್ಮ ನಾರು ಕೊಟ್ಟಳು. ದಿನವಿಡೀ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವ ಬೆರಳು ಅವು. ಗೆರೆ ಸ್ವಲ್ಪವೂ ಓಲಾಡಲಿಲ್ಲ. ಅಮ್ಮ ಎಲ್ಲಿಂದ ಎಲ್ಲಿಗೆ ಅಂತ ಬೆರಳಿನಲ್ಲಿ ತೋರಿಸುತ್ತಾ ಹೋದಳು, ಅವರು ಎಳೆಯುತ್ತಾ ಹೋದರು. ಹೊಲ ಕಾಣಿಸಿತು, ಏಣಿ ಬಂತು, ಸಸಿ ಬಂತು. ಆ ಬುಟ್ಟಿಯನ್ನು ನಾವು ಈ ವರ್ಷ ಅಟ್ಟಕ್ಕೆ ಹಾಕಿಲ್ಲ, ಜಗುಲಿಯಲ್ಲೇ ತೂಗುಹಾಕಿದ್ದೇವೆ.

ಕತ್ತಲಿರುವಾಗಲೇ ಭಾವ, ನಾನು, ಅಕ್ಕನ ಮಗಳು ದೊಂದಿ ಹಿಡಿದು ಗದ್ದೆಗೆ ಹೋದೆವು. ಹಚ್ಚಂಬಲಿ ಬೀರುವುದು ಗಂಡಸರ ಕೆಲಸ. ಆದರೆ ಆ ಹುಡುಗಿ ಬುಟ್ಟಿ ನಾನೇ ಹಿಡೀತೀನಿ ಅಂತ ಹಟ ಹಿಡಿದಳು, ಅಪ್ಪ ಹೋಗಲಿ ಬಿಡು ಅಂದರು. ಬದುವಿನ ಮೇಲೆ ಇಬ್ಬನಿ, ಕಾಲು ಜಾರುತ್ತಿತ್ತು. ಭೂಮ್ತಾಯಿ ಉಂಡು ಹೋಗಲಿ ಅಂತ ಕೂಗುತ್ತಾ ಗದ್ದೆಗೆಲ್ಲ ಬೀರಿಕೊಂಡು ಹೋದೆವು. ಹಿಂದೆಲ್ಲ ಆ ಹೊತ್ತಿಗೆ ಬಯಲಿನ ನಾಲ್ಕೂ ಕಡೆಯಿಂದ ಕೂಗು ಕೇಳುತ್ತಿತ್ತು, ದೊಂದಿಗಳು ಓಡಾಡುವುದು ಕಾಣುತ್ತಿತ್ತು. ಈಗ ಅರ್ಧಕ್ಕಿಂತ ಜಾಸ್ತಿ ಬಯಲು ಅಡಿಕೆ ತೋಟ. ಭತ್ತ ಗಿಟ್ಟುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ ಅನ್ನುವುದು ನಿಜ. ಅಡಿಕೆಗೂ ಎಲೆಚುಕ್ಕಿ ರೋಗ ಬಂದು ಕೂತಿದೆ ಅನ್ನುವುದೂ ನಿಜ. ನಮ್ಮದೊಂದು ತುಂಡು ಗದ್ದೆಯನ್ನು ಅಪ್ಪ ಹಾಗೇ ಉಳಿಸಿಕೊಂಡಿದ್ದಾರೆ. ಮನೆಗೆ ಉಣ್ಣಲು ಅಕ್ಕಿ ಬೇಕು ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಈ ಹಬ್ಬಕ್ಕೆ ಗದ್ದೆ ಬೇಕು ಅನ್ನುವುದು ಅವರ ಮನಸ್ಸಿನಲ್ಲಿದೆ. ನನಗೂ ಹಾಗೇ ಅನಿಸುತ್ತದೆ. ಗದ್ದೆ ಇಲ್ಲದೆ ಬಯಕೆ ಯಾರಿಗೆ ಹಾಕುವುದು?

ಬೆಳಕಾದ ಮೇಲೆ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಂದರು. ಗದ್ದೆಯ ಮೂಲೆಯಲ್ಲಿ ಚೆನ್ನಾಗಿ ಹೊಡೆ ತುಂಬಿದ ಬುಡಗಳನ್ನು ಆರಿಸಿ ಅಮ್ಮ ಅರಿಶಿನ, ಕುಂಕುಮ ಹಚ್ಚಿದಳು. ತನ್ನ ಕರಿಮಣಿ ತೆಗೆದು ಭತ್ತಕ್ಕೆ ಹಾಕಿದಳು. ಆಮೇಲೆ ಬೀಡಿ ಅಕ್ಕ ತಮ್ಮ ಚೀಲದಿಂದ ಬಾಳೆ ಎಲೆಯ ಕಟ್ಟು ತೆಗೆದರು. ಶಂಕರಪುರ ಮಲ್ಲಿಗೆ, ಒಂದು ಅಟ್ಟೆ. ಅದನ್ನು ನೋಡಿದ್ದೇ ಅಕ್ಕ ಬದುವಿನ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಳು. ಅಮ್ಮ ಹೂವನ್ನು ಕೈಯಲ್ಲಿ ತೆಗೆದುಕೊಂಡು, "ನೀವೇ ಮುಡಿಸಿ" ಅಂತ ತಿರುಗಿ ಅವರಿಗೇ ಕೊಟ್ಟಳು. ಅವರು ಮುಡಿಸಿದರು.

ಬಾಯಮ್ಮ ತಲೆಗೆ ಸೆರಗು ಹೊದ್ದು ಒಂದು ಬದಿಗೆ ನಿಂತಿದ್ದರು. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್, ಕನ್ಯೆ ಮರಿಯಳ ಹುಟ್ಟುಹಬ್ಬ. ಮಕ್ಕಳು ಹೂವು ತಂದು ಪುಟ್ಟ ಮರಿಯಮ್ಮನಿಗೆ ಹಾಕುತ್ತಾರೆ. ಚರ್ಚಿನಲ್ಲಿ ಹೊಸ ತೆನೆಗೆ ಪ್ರಾರ್ಥನೆ ಮಾಡಿ ಮನೆಮನೆಗೂ ಕೊಡುತ್ತಾರೆ. ಆ ಭತ್ತ ಸುಲಿದು, ಪುಡಿ ಮಾಡಿ, ಪಾಯಸಕ್ಕೋ ಹಾಲಿಗೋ ಹಾಕಿ ಮನೆಯವರೆಲ್ಲ ಕೂತು ತಿನ್ನುತ್ತಾರೆ. ಅವತ್ತು ಅವರದೂ ತರಕಾರಿ ಊಟವೇ. "ನಾನು ಚಿಕ್ಕವಳಿರುವಾಗ ಜೆಪ್ಪಿನಲ್ಲೂ ಗದ್ದೆ ಇತ್ತು. ಈಗ ತೆನೆ ಮಾತ್ರ ಕೈಗೆ ಬರ್ತದೆ, ಗದ್ದೆ ನೋಡದೆ ಎಷ್ಟು ವರ್ಷ ಆಯ್ತೋ" ಅಂದರು. ಒಂದು ಹೊಡೆಯನ್ನು ಮೆಲ್ಲಗೆ ಮುಟ್ಟಿ ನೋಡಿ ಶಿಲುಬೆ ಗುರುತು ಮಾಡಿಕೊಂಡರು. ಅಪ್ಪ ಅವರ ಕೈಗೂ ಒಂದು ಕಡುಬು ಕೊಟ್ಟರು. ಕಾಗೆಗೆ, ಇಲಿಗೆ ಅಂತ ಎಡೆ ಇಟ್ಟ ಮೇಲೆ ಒಂದು ಕಡುಬನ್ನು ನಾವು ಗದ್ದೆಯಲ್ಲೇ ಹುಗಿಯುತ್ತೇವೆ. ಈ ವರ್ಷದ ಕಡುಬನ್ನು ಹುಗಿದವರು ಬಾಯಮ್ಮ.

ಗದ್ದೆಯಲ್ಲೇ ಸಾಲಾಗಿ ಕೂತು ಉಂಡೆವು. ಕಡುಬು, ಚಿತ್ರಾನ್ನ, ಪಲ್ಯ, ಪಾಯಸ. ಅಮ್ಮ ಉಮ್ಮನ ಕಲ್ತಪ್ಪವನ್ನು ಚೂರು ಮಾಡಿ ಎಲ್ಲರ ಎಲೆಗೂ ಹಾಕಿದಳು. ಮಂಗಳೂರಿನ ಹುಡುಗರು ಬದುವಿನ ಮೇಲೆ ಓಡಿ ಕೆಸರಿಗೆ ಬಿದ್ದರು, ಯಾರೂ ಬೈಯಲಿಲ್ಲ.

ಮಧ್ಯಾಹ್ನ ಹೊರಡುವಾಗ ಅಮ್ಮ ಉಮ್ಮನಿಗೆ ಅಂತ ಬೇರೆಯೇ ಒಂದು ಕಟ್ಟು ಕಟ್ಟಿದಳು. ಕೊಟ್ಟೆ ಕಡುಬು, ಮಿಡಿ ಉಪ್ಪಿನಕಾಯಿ, ಒಂದು ಸೇರು ಜೇನು. ಬಾಯಮ್ಮ ಟೆಂಪೋ ಹತ್ತುವ ಮೊದಲು ಅಮ್ಮನ ಕೈ ಹಿಡಿದು, ಮುಂದಿನ ಸಲ ತೆನೆ ಹಬ್ಬಕ್ಕೆ ನೀವು ಬರಬೇಕು, ಇಲ್ಲ ಅಂದರೆ ನಾನು ಕೇಳುವುದಿಲ್ಲ ಅಂದರು. "ಹಸು ಕರೆಯೋರು ಯಾರು ಮಾರಾಯ್ತಿ?" ಅಂದಳು ಅಮ್ಮ. ಬಾಣಂತನ ಮುಗಿಸಿ ಬಂದ ಮೇಲೆ ಅವಳು ಒಂದು ಸಲವೂ ಮಂಗಳೂರಿಗೆ ಹೋಗಿಲ್ಲ, ಪ್ರತಿ ಸಲವೂ ಹಸುವಿನದೇ ನೆಪ.

ಈಗ ಆ ನೆಪ ಇಲ್ಲ. ಕೆಳಗಿನ ಮನೆಯ ಅತ್ತಿಗೆಗೆ ಹಸುವಿನ ವಿಷಯ ಹೇಳಿ ಒಪ್ಪಿಸಿಯಾಗಿದೆ. ಮುಂದಿನ ಸೆಪ್ಟೆಂಬರಿಗೆ ಎಷ್ಟೋ ತಿಂಗಳಿದೆ. ಆದರೂ ಏನೇನು ಒಯ್ಯಬೇಕು ಅಂತ ಅಮ್ಮ ಲೆಕ್ಕ ಹಾಕುತ್ತಿದ್ದಾಳೆ. ಈ ಗದ್ದೆಯ ಅಕ್ಕಿ ಒಂದು ಚೀಲ, ಉಮ್ಮನಿಗೆ ಇನ್ನೊಂದು ಭರಣಿ ಉಪ್ಪಿನಕಾಯಿ, ಬೀಡಿ ಅಕ್ಕನಿಗೆ ಒಂದು ಸಣ್ಣ ಬುಟ್ಟಿ, ಚಿತ್ತಾರ ಬರೆಯದೇ ಇರುವಂಥದ್ದು.